ಕೊನೇ ಓವರ್ ಯಾರ ಕೈಗೆ?

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿ ಎಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಅವರ ಮನೆ, ಸಮಾಧಿ ನೋಡಲು ಶಾಲಾಮಕ್ಕಳು ಬಸ್ಸು ಮಾಡಿಕೊಂಡು ಬರುವ ಊರು. 2024ರ ಜನವರಿ 18ರಂದು ಅಲ್ಲಿಗೆ ಜನ ನುಗ್ಗಿ ಬಂದದ್ದು ಬೇರೆಯೇ ಕಾರಣಕ್ಕೆ. ಸತ್ಯಸಾಯಿ ಗ್ರಾಮದ ಸಾಯಿ ಕೃಷ್ಣನ್ ಮೈದಾನದಲ್ಲಿ ಸಚಿನ್ ತೆಂಡೂಲ್ಕರ್ ಅವರ ‘ಒನ್ ವರ್ಲ್ಡ್’ ತಂಡಕ್ಕೂ ಯುವರಾಜ್ ಸಿಂಗ್ ಅವರ ‘ಒನ್ ಫ್ಯಾಮಿಲಿ’ ತಂಡಕ್ಕೂ 20 ಓವರ್‌ಗಳ ಪಂದ್ಯವಿತ್ತು. ಯುವರಾಜ್ ಕಡೆಯವರು 180 ರನ್ ಹೊಡೆದಿದ್ದರು. ಬೌಲಿಂಗ್‌ಗೆ ಚಮಿಂಡ ವಾಸ್, ಮುತ್ತಯ್ಯ ಮುರಳೀಧರನ್, ಮಖಾಯ ಎನ್ಟಿನಿ, ಜತೆಗೆ ನಮ್ಮ ವೆಂಕಟೇಶ್ ಪ್ರಸಾದ್. ಒಂದು ಕಾಲಕ್ಕೆ ಇವರಲ್ಲಿ ಯಾರ ಕೈಗೆ ಚೆಂಡು ಕೊಟ್ಟಿದ್ದರೂ ಯಾರೂ ತಕರಾರು ಎತ್ತುತ್ತಿರಲಿಲ್ಲ. ಆದರೆ ಕೊನೇ ಓವರ್ ಹೊತ್ತಿಗೆ ಚೆಂಡು ಇದ್ದದ್ದು ಯೂಸುಫ್ ಪಠಾಣ್ ಕೈಯಲ್ಲಿ. ಎದುರಿಗೆ ನಿಂತಿದ್ದವರು ತಮ್ಮ ಇರ್ಫಾನ್. ಇನ್ನೊಂದು ಎಸೆತ ಬಾಕಿ ಇರುವಾಗಲೇ ಅಣ್ಣನಿಗೆ ತಮ್ಮ ಸಿಕ್ಸರ್ ಎತ್ತಿ ಆಟ ಮುಗಿಸಿದ. ಸಚಿನ್ ತಂಡಕ್ಕೆ ನಾಲ್ಕು ವಿಕೆಟ್ ಜಯ.

ಅದು ಪ್ರದರ್ಶನ ಪಂದ್ಯ. ಸೋಲು ಗೆಲುವಿಗೆ ಅಲ್ಲಿ ಬೆಲೆ ಇರಲಿಲ್ಲ. ಆದರೆ ಕೊನೇ ಓವರ್ ಯಾರಿಗೆ ಕೊಡಬೇಕು, ಆ ಓವರ್‌ಗೆ ತಕ್ಕ ಹುಡುಗ ಇವನೇ ಎಂದು ಮೊದಲೇ ಗುರುತಿಸುವುದು ಹೇಗೆ ಎಂಬ ಪ್ರಶ್ನೆಗಳು ಕರ್ನಾಟಕದ ಕ್ರಿಕೆಟ್ಟನ್ನು ಮೂವತ್ತೈದು ವರ್ಷಗಳಿಂದ ಕಾಡಿವೆ. ಅದಕ್ಕೆ ಸಿಕ್ಕ ಉತ್ತರಗಳೂ ದಶಕಕ್ಕೊಮ್ಮೆ ಬದಲಾಗಿವೆ.

ಮೊದಲ ಉತ್ತರ ಕಣ್ಣಳತೆ. ಎಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನ ಜಾವಗಲ್ ಶ್ರೀನಾಥ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಬೆಂಗಳೂರಿನಲ್ಲಿ ಕ್ಲಬ್ ಪಂದ್ಯ ಆಡುತ್ತಿದ್ದದ್ದು ಜಿ.ಆರ್. ವಿಶ್ವನಾಥ್ ಕಣ್ಣಿಗೆ ಬಿತ್ತು. ಆಗ ವೇಗ ಅಳೆಯುವ ಯಂತ್ರವಿಲ್ಲ, ವಿಡಿಯೊ ಇಲ್ಲ. ಉದ್ದನೆಯ ಹುಡುಗ, ಚೆಂಡು ಪಿಚ್‌ಗೆ ಬಿದ್ದ ಮೇಲೆ ಬ್ಯಾಟಿಗೆ ಬಡಿಯುವ ರಭಸ, ವಿಕೆಟ್ ಕೀಪರ್ ನಿಂತ ದೂರ: ಇಷ್ಟನ್ನೇ ನೋಡಿ ವಿಶಿ ರಾಜ್ಯದ ಆಯ್ಕೆಗಾರರಿಗೆ ಹೇಳಿದರು. 1989–90ರಲ್ಲಿ ಹೈದರಾಬಾದ್ ವಿರುದ್ಧ ಮೊದಲ ರಣಜಿ ಪಂದ್ಯವಾಡಿದ ಶ್ರೀನಾಥ್ ಹ್ಯಾಟ್ರಿಕ್ ಗಳಿಸಿದರು. 1991ರ ನವೆಂಬರಿನಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಕ್ಯಾಪ್ ಕೂಡ ಬಂತು.

ಗುರುತಿಸುವುದು ಒಂದು ಕೆಲಸವಾದರೆ, ಗುರುತಿಸಿದವನನ್ನು ಆಡಿಸುವುದು ಇನ್ನೊಂದು. ಕಪಿಲ್ ದೇವ್, ಮನೋಜ್ ಪ್ರಭಾಕರ್ ಮತ್ತು ಮೂವರು ಸ್ಪಿನ್ನರ್‌ಗಳ ಆ ಕಾಲದಲ್ಲಿ ಶ್ರೀನಾಥ್ ತವರಿನ ಟೆಸ್ಟ್‌ಗಳಿಗೆ ನೀರು ಹೊತ್ತೇ ವರ್ಷಗಳನ್ನು ಕಳೆದರು. ತವರಿನಲ್ಲಿ ಅವರು ಮೊದಲ ಟೆಸ್ಟ್ ಆಡಿದ್ದು 1994ರಲ್ಲಿ. ಅನಿಲ್ ಕುಂಬ್ಳೆ ಅವರದ್ದೂ ಹೆಚ್ಚುಕಮ್ಮಿ ಇದೇ ಪಾಡು. 1990ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆಡಿದ ಮೇಲೆ ಎರಡು ವರ್ಷ ಟೆಸ್ಟ್ ಇಲ್ಲ. ಚೆಂಡು ತಿರುಗದ ಲೆಗ್‌ಸ್ಪಿನ್ನರ್ ಎಂಬ ಮಾತು ಬೆನ್ನು ಹತ್ತಿತ್ತು. 1992ರ ಇರಾನಿ ಪಂದ್ಯದಲ್ಲಿ ದೆಹಲಿ ವಿರುದ್ಧ 13 ವಿಕೆಟ್ ಕಿತ್ತಮೇಲೆ ಆ ಮಾತಾಡುವವರು ಕಡಿಮೆಯಾದರು. ತಿರುವು ಇಲ್ಲದಿದ್ದರೂ ಪುಟಿತ ಇದೆ, ವೇಗ ಇದೆ, ದಿನವಿಡೀ ಒಂದೇ ಜಾಗಕ್ಕೆ ಹಾಕುವ ಹಟ ಇದೆ ಎಂಬುದು ಆಮೇಲೆ ಎಲ್ಲರಿಗೂ ಕಂಡಿತು. ಅವರ ಟೆಸ್ಟ್ ವಿಕೆಟ್‌ಗಳು ನಿಂತದ್ದು 619ಕ್ಕೆ.

ಆ ಹೊತ್ತಿಗೆ ಒಂದು ದಿನದ ಆಟದಲ್ಲಿ ಕೊನೇ ಓವರ್‌ಗಳು ಬೇರೆಯದೇ ಕಸುಬಾಗತೊಡಗಿದ್ದವು. 1993ರ ನವೆಂಬರ್ 24, ಕೋಲ್ಕತ್ತದಲ್ಲಿ ಹೀರೊ ಕಪ್ ಸೆಮಿಫೈನಲ್. ದಕ್ಷಿಣ ಆಫ್ರಿಕಾಕ್ಕೆ ಕೊನೇ ಓವರಿನಲ್ಲಿ ಬೇಕಿದ್ದದ್ದು ಆರು ರನ್. ಕಪಿಲ್ ಅವರ ಓವರ್‌ಗಳು ಬಾಕಿ ಇದ್ದರೂ ನಾಯಕ ಅಜರುದ್ದೀನ್ ಚೆಂಡು ಕೊಟ್ಟದ್ದು ಅಲ್ಲಿಯವರೆಗೆ ಒಂದು ಓವರನ್ನೂ ಹಾಕಿರದ ಸಚಿನ್‌ಗೆ. ಸಚಿನ್ ಬಿಟ್ಟುಕೊಟ್ಟದ್ದು ಮೂರೇ ರನ್. ಭಾರತ ಗೆದ್ದದ್ದು ಎರಡು ರನ್‌ಗಳಿಂದ. ಮೂರು ದಿನ ಕಳೆದು ಫೈನಲ್‌ನಲ್ಲಿ ಕುಂಬ್ಳೆ 12 ರನ್‌ಗೆ 6 ವಿಕೆಟ್ ಕಿತ್ತರು.

ಬೆಂಗಳೂರಿನವರು ಈ ಕಸುಬಿನ ಎರಡೂ ಮುಖ ಕಂಡದ್ದು 1996ರ ಮಾರ್ಚ್ 9ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ. ಕೊನೇ ಓವರ್‌ಗಳಲ್ಲಿ ಯಾರ್ಕರ್ ಹಾಕುವುದರಲ್ಲಿ ಆಗ ಪಾಕಿಸ್ತಾನದ ವಕಾರ್ ಯೂನಿಸ್‌ಗೆ ಸಮ ಯಾರೂ ಇರಲಿಲ್ಲ. ಮೊದಲ ಎಂಟು ಓವರ್‌ಗಳಲ್ಲಿ ಅವರು ಬಿಟ್ಟುಕೊಟ್ಟದ್ದು 27 ರನ್. ಕೊನೆಯ ಎರಡರಲ್ಲಿ 40! ಅಜಯ್ ಜಡೇಜ 25 ಎಸೆತಗಳಲ್ಲಿ 45 ಹೊಡೆದು ಹೋದರು. ಆಮೇಲೆ ಪಾಕಿಸ್ತಾನದ ಸರದಿ. ಬೌಂಡರಿ ಬಾರಿಸಿ ಬ್ಯಾಟ್ ತೋರಿಸಿದ ಆಮಿರ್ ಸೊಹೈಲ್ ಅವರ ಸ್ಟಂಪ್ ಅನ್ನು ವೆಂಕಟೇಶ್ ಪ್ರಸಾದ್ ಮುಂದಿನ ಎಸೆತದಲ್ಲೇ ಎಗರಿಸಿದ ಕಥೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರೂ ಗೊತ್ತೆಂದು ಹೇಳುತ್ತಾರೆ. ಅಂದು ಪ್ರಸಾದ್ 45ಕ್ಕೆ 3, ಕುಂಬ್ಳೆ 48ಕ್ಕೆ 3.

ಆ ಒಂದು ಸಂಜೆಯ ಲೆಕ್ಕ ಹಿಡಿದು ವಕಾರ್‌ಗೆ ಕೊನೇ ಓವರ್ ಹಾಕಲು ಬರುವುದಿಲ್ಲ ಎಂದರೆ ಯಾರೂ ಒಪ್ಪುವುದಿಲ್ಲ. ಹಾಗಿದ್ದರೆ ಹೆಸರಿಲ್ಲದ ಹತ್ತೊಂಬತ್ತರ ಹುಡುಗನೊಬ್ಬ ಎರಡು ಓವರ್‌ನಲ್ಲಿ 40 ಕೊಟ್ಟರೆ? ಅವನ ಬಗ್ಗೆ ಮಾತ್ರ ಅದೇ ಲೆಕ್ಕ ಹಿಡಿದು ತೀರ್ಪು ಹೊರಬೀಳುತ್ತದೆ.

ಇದೇ ಇಕ್ಕಟ್ಟನ್ನು ಅಮೆರಿಕದ ಬೇಸ್‌ಬಾಲ್ ನಮಗಿಂತ ಬಹಳ ಮೊದಲೇ ಕಂಡಿತ್ತು. ಅಲ್ಲಿ ಆಟ ಶುರುಮಾಡುವ ಪಿಚರ್ ಬೇರೆ, ಆತ ದಣಿದಾಗ ನಡುವೆ ಬಂದು ಕೆಲವೇ ಆಟಗಾರರನ್ನು ಎದುರಿಸಿ ಹೋಗುವ ರಿಲೀಫ್ ಪಿಚರ್ ಬೇರೆ. ಮುನ್ನಡೆ ಉಳಿಸಿ ಆಟ ಮುಗಿಸಿಕೊಟ್ಟವನಿಗೆ ‘ಸೇವ್’ ಎಂಬ ಲೆಕ್ಕ 1969ರಿಂದ ಅಧಿಕೃತವಾಗಿ ಸಿಗುತ್ತಿದೆ. ಆದರೆ ಇಡೀ ಋತುವಿನಲ್ಲಿ ಆತ ಎಸೆಯುವುದು ಅರವತ್ತು–ಎಪ್ಪತ್ತು ಇನಿಂಗ್ಸ್ ಅಷ್ಟೆ. ಎರಡು ಕೆಟ್ಟ ರಾತ್ರಿಗಳು ಇಡೀ ವರ್ಷದ ಸರಾಸರಿಯನ್ನು ಕೆಡಿಸಿಬಿಡುತ್ತವೆ. ಆದ್ದರಿಂದ ಎಳೆಯರನ್ನು ಬೆಳೆಸುವ ಕೆಳಹಂತದ ಲೀಗ್‌ಗಳಲ್ಲಿ ಸ್ಕೌಟ್‌ಗಳು ಫಲಿತಾಂಶಕ್ಕಿಂತ ಎಸೆತವನ್ನು ನೋಡುತ್ತಾರೆ. ವೇಗ, ತಿರುವು, ಹಿಡಿತ ಒಂದೊಂದಕ್ಕೂ 20ರಿಂದ 80ರ ನಡುವೆ ಅಂಕ ಹಾಕುತ್ತಾರೆ.

ಅಷ್ಟು ಮಾಡಿಯೂ ಅಂದಾಜು ತಪ್ಪುತ್ತದೆ. ಪನಾಮಾದ ಮಾರಿಯಾನೊ ರಿವೆರಾ 1995ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಪರ ಹತ್ತು ಪಂದ್ಯ ಶುರುಮಾಡಿಯೂ ಯಶಸ್ಸು ಕಾಣದ ಪಿಚರ್. ರಿಲೀಫ್‌ಗೆ ಹಾಕಿದ ಮೇಲೆ ಆತ ಗಳಿಸಿದ ಸೇವ್‌ಗಳು 652. ಹೆಚ್ಚಾಗಿ ನಂಬಿದ್ದು ‘ಕಟರ್’ ಎಂಬ ಒಂದೇ ಎಸೆತವನ್ನು. ಅಂಥ ರಿವೆರಾ ಕೂಡ 2001ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಗೆಲುವನ್ನು ಕೈಚೆಲ್ಲಿದ್ದರು.

ಆ ಆಟದ ಸ್ಕೌಟ್‌ಗಳು ಭಾರತಕ್ಕೂ ಬಂದು ಹೋದರು. 2008ರಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಸ್ಪರ್ಧೆಗೆ ದೇಶದಲ್ಲಿ ಸುಮಾರು 37,000 ಮಂದಿ ಚೆಂಡೆಸೆದು ನೋಡಿದರು. ಆಯ್ಕೆಯಾದವರು ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಇಬ್ಬರೂ ಬೇಸ್‌ಬಾಲ್ ಆಡಿದವರಲ್ಲ. ಜಾವೆಲಿನ್ ಎಸೆದು ಪಳಗಿದ ತೋಳು. ಅದೇ ವರ್ಷದ ನವೆಂಬರಿನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಇಬ್ಬರನ್ನೂ ಸೇರಿಸಿಕೊಂಡಿತು. 2009ರ ಜುಲೈನಲ್ಲಿ ಕೆಳಹಂತದ ಲೀಗಿನ ಪಂದ್ಯವೊಂದರ ನಡುವೆ ಬಂದ ರಿಂಕು, ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಗೆಲುವು ದಾಖಲಿಸಿದ ಮೊದಲ ಭಾರತೀಯರಾದರು. ದಿನೇಶ್ 2010ರಲ್ಲೇ ಹೊರಬಿದ್ದರು. ರಿಂಕು 2012ರ ಋತುವಿನಲ್ಲಿ 39 ಪಂದ್ಯ ಆಡಿ ಒಳ್ಳೆಯ ಹೆಸರು ಮಾಡಿದರು; ಅಷ್ಟರಲ್ಲಿ ಮೊಣಕೈ ಕೈಕೊಟ್ಟಿತು. ಆತ ಮೇಲಿನ ಹಂತ ಮುಟ್ಟಲಿಲ್ಲ, 2018ರಲ್ಲಿ ವೃತ್ತಿಪರ ಕುಸ್ತಿಗೆ ಹೊರಳಿದರು.

ಭಾರತದ ಕ್ರಿಕೆಟ್ ಮಂಡಳಿಗೂ ಕಣ್ಣಳತೆ ಸಾಲದು ಎನ್ನಿಸಿದ್ದು ಹೆಚ್ಚುಕಮ್ಮಿ ಆ ದಶಕದಲ್ಲೇ. 2000ದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಶುರುವಾಯಿತು. 2002ರಲ್ಲಿ ದಿಲೀಪ್ ವೆಂಗ್‌ಸರ್ಕರ್ ಮುಂದಾಳತ್ವದಲ್ಲಿ ಪ್ರತಿಭೆ ಹುಡುಕುವ ವಿಭಾಗ ಹುಟ್ಟಿತು. ಹಳೆಯ ಆಟಗಾರರು ಊರೂರು ತಿರುಗಿ, ಪಂದ್ಯ ನೋಡಿ, ವರದಿ ಬರೆದು ಕಳಿಸಬೇಕು. ಜಮ್‌ಶೆಡ್‌ಪುರದಲ್ಲಿ ಮಹೇಂದ್ರ ಸಿಂಗ್ ಧೋನಿಯನ್ನು ಕಂಡು ಪ್ರಕಾಶ್ ಪೊದ್ದಾರ್ ಮತ್ತು ರಾಜು ಮುಖರ್ಜಿ ವರದಿ ಬರೆದದ್ದು ಈ ಏರ್ಪಾಟಿನ ದೊಡ್ಡ ಫಲ. ಕರ್ನಾಟಕದೊಳಗೆ ಮೈಸೂರು, ಶಿವಮೊಗ್ಗ, ಧಾರವಾಡ, ತುಮಕೂರು, ರಾಯಚೂರು, ಮಂಗಳೂರು ಎಂಬ ವಲಯಗಳು ಮೊದಲೇ ಇದ್ದವು. ಗದಗದ ಸುನಿಲ್ ಜೋಶಿ, ದಾವಣಗೆರೆಯ ವಿನಯ್ ಕುಮಾರ್ ಬೆಂಗಳೂರಿನಾಚೆಯಿಂದ ಬಂದ ಬೌಲರ್‌ಗಳೇ.

ಆ ದಶಕದ ಕೊನೆಗೆ ಕರ್ನಾಟಕಕ್ಕೆ ಸಿಕ್ಕ ಅಚ್ಚರಿ ಅಭಿಮನ್ಯು ಮಿಥುನ್. ಡಿಸ್ಕಸ್ ಎಸೆಯುತ್ತಿದ್ದ ಹುಡುಗ. ಕ್ರಿಕೆಟ್ ಚೆಂಡನ್ನು ಗಂಭೀರವಾಗಿ ಹಿಡಿದದ್ದೇ ಹದಿನೇಳರ ಸುಮಾರಿಗೆ. 2009ರ ನವೆಂಬರಿನಲ್ಲಿ ಮೀರತ್‌ನಲ್ಲಿ ಉತ್ತರ ಪ್ರದೇಶದ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲಿ ಹ್ಯಾಟ್ರಿಕ್ ಸೇರಿ 11 ವಿಕೆಟ್. ಆ ಋತು ಮುಗಿದಾಗ ಒಟ್ಟು 47. ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಮುಂಬೈ ಎದುರು ಕರ್ನಾಟಕ ಆರೇ ಆರು ರನ್‌ಗಳಿಂದ ಫೈನಲ್ ಸೋತ ವರ್ಷ ಅದು. ಕೆಲವೇ ತಿಂಗಳಲ್ಲಿ, 2010ರ ಜುಲೈಯಲ್ಲಿ, ಗಾಲ್‌ನಲ್ಲಿ ಟೆಸ್ಟ್ ಕ್ಯಾಪ್. ಅದೂ ಸೇರಿ ಆಡಿದ್ದು ಒಟ್ಟು ನಾಲ್ಕೇ ಟೆಸ್ಟ್, ಒಂಬತ್ತು ವಿಕೆಟ್. ಮೊದಲ ವರ್ಷದ 47 ನೋಡಿ ಮೇಲಕ್ಕೆ ಏರಿಸಿದವರೇ ನಾಲ್ಕು ಟೆಸ್ಟ್ ನೋಡಿ ಕೆಳಗಿಳಿಸಿದರು.

ಮಿಥುನ್ ಕಥೆ ಅಲ್ಲಿಗೆ ಮುಗಿಯಲಿಲ್ಲ. 2019ರ ನವೆಂಬರ್ 29, ಸೂರತ್, ಸೈಯದ್ ಮುಷ್ತಾಕ್ ಅಲಿ ಟ್ರೋಫಿ ಸೆಮಿಫೈನಲ್. ಹರಿಯಾಣ 19 ಓವರ್‌ಗೆ 3 ವಿಕೆಟ್ ಕಳೆದುಕೊಂಡು 192. ಮಿಥುನ್ ಮೂರು ಓವರ್ ಹಾಕಿ 37 ರನ್ ಕೊಟ್ಟಿದ್ದರು, ವಿಕೆಟ್ ಇಲ್ಲ. ಲೆಕ್ಕ ನೋಡುವ ನಾಯಕನಾಗಿದ್ದರೆ ಚೆಂಡು ಬೇರೆ ಕೈಗೆ ಹೋಗುತ್ತಿತ್ತು. ಮನೀಷ್ ಪಾಂಡೆ ಮಿಥುನ್‌ಗೇ ಕೊಟ್ಟರು. ಮೊದಲ ನಾಲ್ಕು ಎಸೆತಕ್ಕೆ ನಾಲ್ಕು ವಿಕೆಟ್, ಒಂದು ವೈಡ್, ಒಂದು ಒಂಟಿ ರನ್, ಮತ್ತೊಂದು ವಿಕೆಟ್. ಒಂದೇ ಓವರಿನಲ್ಲಿ ಐದು! ರಣಜಿ, ವಿಜಯ್ ಹಜಾರೆ, ಮುಷ್ತಾಕ್ ಅಲಿ ಮೂರರಲ್ಲೂ ಹ್ಯಾಟ್ರಿಕ್ ಗಳಿಸಿದ ಸಾಧನೆ ಅಂದು ಪೂರ್ತಿಯಾಯಿತು.

ಎರಡು ದಿನ ಬಿಟ್ಟು ಅಲ್ಲೇ ಫೈನಲ್. ತಮಿಳುನಾಡಿಗೆ ಕೊನೇ ಓವರಿನಲ್ಲಿ 13 ಬೇಕು. ಈ ಸಲ ಪಾಂಡೆ ಕರೆದದ್ದು ಆಫ್‌ಸ್ಪಿನ್ನರ್ ಕೆ. ಗೌತಮ್ ಅವರನ್ನು. ರವಿಚಂದ್ರನ್ ಅಶ್ವಿನ್ ಮೊದಲ ಎರಡು ಎಸೆತವನ್ನೂ ಬೌಂಡರಿಗೆ ಅಟ್ಟಿದರು. ನಾಲ್ಕು ಎಸೆತಕ್ಕೆ ಐದು ರನ್ ಸಾಕಿತ್ತು. ಕರ್ನಾಟಕ ಒಂದು ರನ್‌ನಿಂದ ಗೆದ್ದಿತು. ಅಶ್ವಿನ್ ಬ್ಯಾಟ್ ಅಂಚಿಗೆ ಚೂರು ಹೆಚ್ಚು ತಾಗಿದ್ದರೆ, ಸ್ಪಿನ್ನರ್‌ಗೆ ಕೊನೇ ಓವರ್ ಕೊಟ್ಟ ನಾಯಕನೆಂದು ಪಾಂಡೆಯನ್ನು ಇಂದಿಗೂ ಜನ ಬೈಯುತ್ತಿದ್ದರು.

ವಿನಯ್ ಕುಮಾರ್‌ಗೆ ಆ ಚೂರು ಅದೃಷ್ಟ ಒದಗಲಿಲ್ಲ. 2013ರ ನವೆಂಬರ್ 2, ಚಿನ್ನಸ್ವಾಮಿಯಲ್ಲಿ ರೋಹಿತ್ ಶರ್ಮ 209 ಹೊಡೆದ ದಿನ. ಆಸ್ಟ್ರೇಲಿಯಾ ಬೆನ್ನಟ್ಟುವಾಗ ತವರಿನ ಜನರ ಕಣ್ಣೆದುರೇ ವಿನಯ್ 9 ಓವರ್‌ಗೆ 102 ರನ್ ಕೊಟ್ಟರು. ಭಾರತ ಗೆದ್ದಿತು, ಆದರೆ ವಿನಯ್ ಮತ್ತೆ ಭಾರತಕ್ಕೆ ಒಂದು ದಿನದ ಪಂದ್ಯ ಆಡಲಿಲ್ಲ. ಅದೇ ಋತುವಿನಲ್ಲಿ ಅವರ ನಾಯಕತ್ವದಲ್ಲಿ ಕರ್ನಾಟಕ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದಿತು. ಮರುವರ್ಷ ಮತ್ತೆ ಮೂರನ್ನೂ. 2015ರ ರಣಜಿ ಫೈನಲ್‌ನಲ್ಲಿ ಅವರದ್ದೇ ಐದು ವಿಕೆಟ್, ಅವರದ್ದೇ ಶತಕ.

ಇಷ್ಟರಲ್ಲಿ ಬೌಲರ್‌ಗಳನ್ನು ಪರೀಕ್ಷಿಸುವ ಜಾಗ ಬದಲಾಗಿತ್ತು. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಬಂತು. 2019ರಲ್ಲಿ ಫಿಕ್ಸಿಂಗ್ ಪ್ರಕರಣ ಹೊರಬಿದ್ದು ಅದು ನಿಂತುಹೋಯಿತು. 2022ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ನೆನಪಿನ ಮಹಾರಾಜ ಟ್ರೋಫಿ ಶುರುವಾಯಿತು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮೈದಾನಗಳಲ್ಲಿ ಟೆನಿಸ್ ಚೆಂಡಿನ ಟೂರ್ನಿ ಆಡುವ ಹುಡುಗನಿಗೂ ಈಗ ಕಣ್ಣಿಗೆ ಕಾಣುವ ಒಂದು ಮೆಟ್ಟಿಲು ಇದೆ: ಡಿವಿಷನ್ ಲೀಗ್, ಅಲ್ಲಿಂದ ಮಹಾರಾಜ ಟ್ರೋಫಿ, ಅಲ್ಲಿ ಐಪಿಎಲ್ ತಂಡಗಳ ಸ್ಕೌಟ್‌ಗಳು.

ಆ ಸ್ಕೌಟ್‌ಗಳಿಗೆ 2024ರ ಆಗಸ್ಟ್ 23ರ ರಾತ್ರಿ ಹಬ್ಬ. ಚಿನ್ನಸ್ವಾಮಿಯಲ್ಲಿ ಹುಬ್ಬಳ್ಳಿ ಟೈಗರ್ಸ್ 164, ಬೆಂಗಳೂರು ಬ್ಲಾಸ್ಟರ್ಸ್ ಕೂಡ 164. ಸೂಪರ್ ಓವರ್‌ನಲ್ಲಿ ಎರಡೂ ಕಡೆ ಹತ್ತು. ಎರಡನೇ ಸೂಪರ್ ಓವರ್‌ನಲ್ಲಿ ಎಂಟು, ಎಂಟು. ಹಿಂದಿನ ಸೂಪರ್ ಓವರ್ ಹಾಕಿದವನು ಮುಂದಿನದನ್ನು ಹಾಕುವಂತಿಲ್ಲವಾದ್ದರಿಂದ ನಾಯಕರಾದ ಮಯಂಕ್ ಅಗರವಾಲ್, ಮನೀಷ್ ಪಾಂಡೆ ಇಬ್ಬರೂ ಸಲಸಲಕ್ಕೂ ಹೊಸ ಬೌಲರ್ ಹುಡುಕಬೇಕಾಯಿತು. ಮೂರನೆಯದರಲ್ಲಿ ಬೆಂಗಳೂರು 12, ಹುಬ್ಬಳ್ಳಿ ಕೊನೇ ಎಸೆತಕ್ಕೆ ಬೌಂಡರಿ ಹೊಡೆದು 13. ಒಂದೇ ರಾತ್ರಿ ಆರು ಕೊನೇ ಓವರ್!

ಈ ಹಾದಿಯಲ್ಲಿ ಬಂದ ಬೌಲರ್ ವೈಶಾಖ್ ವಿಜಯ್‌ಕುಮಾರ್. 2023ರ ಏಪ್ರಿಲ್ 15ರಂದು ಆರ್‌ಸಿಬಿ ಪರ ಮೊದಲ ಐಪಿಎಲ್ ಪಂದ್ಯ, ಚಿನ್ನಸ್ವಾಮಿಯಲ್ಲಿ ಡೆಲ್ಲಿ ವಿರುದ್ಧ 20ಕ್ಕೆ 3. ಹೊಸ ನಕ್ಷತ್ರ ಎಂದರು. ಎರಡೇ ದಿನಕ್ಕೆ ಅದೇ ಮೈದಾನ, ಚೆನ್ನೈ ಎದುರು 4 ಓವರ್‌ಗೆ 62. ಮಾತು ತಲೆಕೆಳಗಾಯಿತು. ಆ ನಲವತ್ತೆಂಟು ಗಂಟೆಗಳಲ್ಲಿ ಅವರ ಕೈಯಿಂದ ಹೊರಡುವ ನಿಧಾನಗತಿಯ ಎಸೆತವೇನೂ ಬದಲಾಗಿರಲಿಲ್ಲ.

2025ರ ಮಾರ್ಚ್ 25, ಅಹಮದಾಬಾದ್. ವೈಶಾಖ್ ಈಗ 1.8 ಕೋಟಿಗೆ ಪಂಜಾಬ್ ಕಿಂಗ್ಸ್‌ನಲ್ಲಿ. ಎದುರಿನ ಗುಜರಾತ್ ಟೈಟನ್ಸ್‌ನಲ್ಲಿ 9.5 ಕೋಟಿಯ ಪ್ರಸಿದ್ಧ್ ಕೃಷ್ಣ, ಅವರೂ ಕರ್ನಾಟಕದವರೇ. ಶ್ರೇಯಸ್ ಅಯ್ಯರ್ ಪ್ರಸಿದ್ಧ್ ಅವರ ಒಂದೇ ಓವರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಾಚಿದರು. ಪಂಜಾಬ್ 243. ಗುಜರಾತ್ ಬೆನ್ನಟ್ಟುವಾಗ ಹದಿನಾಲ್ಕು ಓವರ್ ಬೆಂಚಿನ ಮೇಲೆ ಕೂತಿದ್ದ ವೈಶಾಖ್ ಇಂಪ್ಯಾಕ್ಟ್ ಆಟಗಾರನಾಗಿ ಒಳಗೆ ಬಂದರು. ಬೇಸ್‌ಬಾಲ್‌ನ ರಿಲೀಫ್ ಪಿಚರ್ ಬರುವುದು ಹೀಗೇ. ಅವರು ಹಾಕಿದ್ದು ಒಂದೇ ಬಗೆಯ ಎಸೆತ: ಆಫ್ ಕಡೆ ವೈಡ್ ಗೆರೆಯ ಒಳಗೇ, ಬ್ಯಾಟಿನ ಬುಡಕ್ಕೆ, ಬೀಸಿದರೂ ಲೆಗ್ ಕಡೆಗೆ ತಿರುಗಿಸಲಾಗದಷ್ಟು ದೂರ. ಮೊದಲ ಎರಡು ಓವರ್‌ಗೆ ಹೋದದ್ದು ಹತ್ತೇ ರನ್. ಅಲ್ಲೇ ಆಟ ಪಂಜಾಬಿನತ್ತ ವಾಲಿತು. ಗೆಲುವು 11 ರನ್‌ಗಳಿಂದ. ಪುಸ್ತಕದಲ್ಲಿ ಉಳಿದದ್ದು 3 ಓವರ್, 28 ರನ್, ವಿಕೆಟ್ ಸೊನ್ನೆ.

ಅಂದು ರಾತ್ರಿ ಹರಾಜಿನ ಬೆಲೆಯನ್ನು ಹೋಲಿಸಿ ನಕ್ಕವರು ಬಹಳ. ಜೂನ್ ಹೊತ್ತಿಗೆ ಪ್ರಸಿದ್ಧ್ 25 ವಿಕೆಟ್‌ಗಳೊಂದಿಗೆ ಪರ್ಪಲ್ ಕ್ಯಾಪ್ ಗೆದ್ದಿದ್ದರು. ವೈಶಾಖ್‌ಗೆ ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯ. ಅದೇ ತಿಂಗಳು ಲೀಡ್ಸ್ ಟೆಸ್ಟ್‌ನಲ್ಲಿ ಪ್ರಸಿದ್ಧ್ ಮೊದಲ ಇನಿಂಗ್ಸ್‌ನಲ್ಲಿ ಓವರಿಗೆ ಆರಕ್ಕೂ ಹೆಚ್ಚು ರನ್ ಕೊಟ್ಟರು, ಎರಡು ಟೆಸ್ಟ್ ಆದಮೇಲೆ ತಂಡದಿಂದ ಹೊರಬಿದ್ದರು. ಓವಲ್‌ನ ಕೊನೇ ಟೆಸ್ಟ್‌ಗೆ ಮತ್ತೆ ಕರೆ. ಆಗಸ್ಟ್ 4ರ ಬೆಳಿಗ್ಗೆ ಇಂಗ್ಲೆಂಡ್‌ಗೆ ಬೇಕಿದ್ದದ್ದು 35 ರನ್, ಕೈಯಲ್ಲಿ ನಾಲ್ಕು ವಿಕೆಟ್. ದಿನದ ಮೊದಲ ಓವರ್ ಪ್ರಸಿದ್ಧ್ ಅವರದ್ದು. ಮೊದಲ ಎರಡು ಎಸೆತವನ್ನೂ ಜೇಮೀ ಓವರ್ಟನ್ ಬೌಂಡರಿಗೆ ಕಳಿಸಿದರು. ಶುಭಮನ್ ಗಿಲ್ ಚೆಂಡನ್ನು ಅವರ ಕೈಯಿಂದ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಜೋಶ್ ಟಂಗ್ ಅವರ ಸ್ಟಂಪ್ ಪ್ರಸಿದ್ಧ್ ಯಾರ್ಕರ್‌ಗೆ ಉರುಳಿತು. ಮೊಹಮ್ಮದ್ ಸಿರಾಜ್ ಕೊನೆಯ ವಿಕೆಟ್ ಕಿತ್ತು ಭಾರತ ಆರು ರನ್‌ಗಳಿಂದ ಗೆದ್ದಾಗ ಪ್ರಸಿದ್ಧ್ ಹೆಸರಿನಲ್ಲಿ ಆ ಪಂದ್ಯದ ಎಂಟು ವಿಕೆಟ್‌ಗಳಿದ್ದವು.